ಎರಡು ಮೊರ, ಒಂದು ತಟ್ಟೆ

ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನದು. ರೇಷ್ಮೆ ಹುಳು ಸಾಕದ ಮನೆ ಹುಡುಕಿದರೆ ನಾಲ್ಕೈದು ಸಿಕ್ಕಾವು, ಅವುಗಳಲ್ಲಿ ನಮ್ಮದೂ ಒಂದು. ಅಪ್ಪ ಕಟ್ಟಿಸಿದ ಹುಳುಮನೆ ಪಾಲಾದಾಗ ಅಣ್ಣನ ಕಡೆಗೆ ಹೋಯಿತು. ನನಗೆ ಹಳೆಯ ಹೆಂಚಿನ ಮನೆಯೂ ಅರ್ಧ ಎಕರೆ ಹಿಪ್ಪುನೇರಳೆ ತೋಟವೂ ಬಂದವು. ಸೊಪ್ಪನ್ನು ಅಣ್ಣನಿಗೇ ಮಾರುತ್ತೇನೆ. ಹೊಟ್ಟೆಪಾಡಿಗೆ ಚಿಕ್ಕಬಳ್ಳಾಪುರದ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ.

ಮಕ್ಕಳು ಇಬ್ಬರು. ದೊಡ್ಡವಳಿಗೆ 11, ಚಿಕ್ಕವನಿಗೆ 7. ಇಬ್ಬರಿಗೂ ಒಂದೇ ಕೋಣೆ, ಒಂದೇ ಮಂಚ, ಒಂದೇ ಫ್ಯಾನು. ಬೆಳಿಗ್ಗೆ ಪೇಸ್ಟಿನ ಮುಚ್ಚಳದಿಂದ ಶುರುವಾದ ಜಗಳ ರಾತ್ರಿ ಕಂಬಳಿಯ ಅಂಚಿನವರೆಗೂ ನಡೆಯುತ್ತಿತ್ತು. ಕೈಗೆ ಕೆಲಸ ಕೊಟ್ಟರೆ ಜಗಳಕ್ಕೆ ಪುರುಸೊತ್ತು ಇರಲಾರದು ಎಂದು ಲೆಕ್ಕ ಹಾಕಿ, ಬೇಸಿಗೆ ರಜೆಯಲ್ಲಿ ಅಣ್ಣನ ಹತ್ತಿರ ಇನ್ನೂರು ಹುಳು ಕೇಳಿ ತಂದೆ. ಅದಾದ ಮೇಲಿನ ಎರಡು ಬೆಳೆಗಳ ದಿನಚರಿ ಇದು. ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೀಚಿಟ್ಟದ್ದನ್ನು ಸ್ವಲ್ಪ ತಿದ್ದಿ ಬರೆದಿದ್ದೇನೆ.

ಮೊದಲ ಬೆಳೆ, 1ನೇ ದಿನ

ಚಾಕಿ ಎಂದರೆ ಎಳೆಯ ಹುಳು. ಅದನ್ನು ಸಾಕಿ ಕೊಡುವ ಚಾಕಿ ಕೇಂದ್ರದವರು ಅಣ್ಣನಿಗೆ ಎರಡನೇ ಜ್ವರ ಎದ್ದ ಹುಳುವನ್ನು ಕೊಡುತ್ತಾರೆ. ರೇಷ್ಮೆಯ ಸಂಪರ್ಕವಿಲ್ಲದವರಿಗೆ ಒಂದು ಮಾತು: ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ಮೊಟ್ಟೆಯೊಡೆದು ಬಂದಾಗಿನಿಂದ ಗೂಡು ಕಟ್ಟುವವರೆಗೆ ನಾಲ್ಕು ಜ್ವರ, ಐದು ಹಂತ. ಮೈ ಸುಡುವುದೇನೂ ಇಲ್ಲ. ಹುಳು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಒಂದು ದಿನದ ಮಟ್ಟಿಗೆ ಅಲ್ಲಾಡದೆ ಕೂರುತ್ತದೆ. ಆಗ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ಹಾಸಿಗೆ ಒಣಗಲೆಂದು ಮೇಲೆ ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು.

ಮಕ್ಕಳು ಮುಟ್ಟಿದ ಹುಳು ತನ್ನ ಹುಳುಮನೆಯೊಳಗೆ ಕಾಲಿಡಕೂಡದು ಎಂದು ಅಣ್ಣ ಖಂಡಿತವಾಗಿ ಹೇಳಿದ. ನ್ಯಾಯವೇ. ಅವನು ಬಾಗಿಲಲ್ಲಿ ಕೈಕಾಲು ತೊಳೆಯದೆ ತಾನೇ ಒಳಗೆ ಹೋಗುವವನಲ್ಲ. ಹಾಗಾಗಿ ನಮ್ಮ ಪಡಸಾಲೆಯಲ್ಲೇ ಏರ್ಪಾಡು. ಅಜ್ಜಿಯ ಎರಡು ಮೊರ ಇಳಿಸಿ, ಹಳೆಯ ಪತ್ರಿಕೆ ಹಾಸಿ, ನೂರು ನೂರು ಹುಳು ಬಿಟ್ಟೆ. ಇರುವೆ ಹತ್ತದಂತೆ ಬೆಂಚಿನ ಕಾಲುಗಳನ್ನು ನೀರು ತುಂಬಿದ ತೆಂಗಿನ ಚಿಪ್ಪುಗಳಲ್ಲಿ ನಿಲ್ಲಿಸಿದೆ. ಈ ಮೊರ ನಿನ್ನದು, ಆ ಮೊರ ಅವನದು. ಬೇರೆ ಬೇರೆ ಮಾಡಿಬಿಟ್ಟರೆ ತಂಟೆಯಿಲ್ಲ ಎಂದುಕೊಂಡೆ. ನಮ್ಮಿಬ್ಬರಿಗೆ ಪಾಲು ಮಾಡಿಕೊಟ್ಟ ಹಿರಿಯರೂ ಹಾಗೆಯೇ ಅಂದುಕೊಂಡಿದ್ದರು.

ಗೋಡೆಗೆ ಒಂದು ಪಟ್ಟಿ ಅಂಟಿಸಿದೆ: ದಿನ, ಹಾಕಿದ ಸೊಪ್ಪು, ಸತ್ತ ಹುಳು. ಕೆಳಗೆ ಕೆಂಪು ಶಾಯಿಯಲ್ಲಿ, ಯಾರ ಗೂಡು ಹೆಚ್ಚು ತೂಗುತ್ತದೆಯೋ ಅವರ ಸೈಕಲ್ಲಿಗೆ ಹೊಸ ಬೆಲ್. ಲೆಕ್ಕ ಬರೆಯುವವನ ಬುದ್ಧಿ.

2ನೇ ದಿನ

ಊಟಕ್ಕೆ ಕೂರುವ ಮುಂಚೆ ದೂರು ಬಂತು. ಅಕ್ಕನ ಮೊರದಲ್ಲಿ 103, ನನ್ನದರಲ್ಲಿ 97. ಎಣಿಸಿ ನೋಡಿದೆ, ನಿಜ. ಮೂರು ಹುಳು ಆ ಕಡೆಯಿಂದ ಈ ಕಡೆಗೆ ದಾಟಿಸಿದೆ. ದಪ್ಪ ಹುಳುಗಳನ್ನೇ ಆರಿಸಿ ಅವನಿಗೆ ಕೊಟ್ಟೆನೆಂದು ಅವಳು ತಟ್ಟೆ ಬಿಟ್ಟು ಎದ್ದಳು.

6ನೇ ದಿನ

ಮೂರನೇ ಜ್ವರ ಎದ್ದವು. ದೊಡ್ಡವಳ ಕೈ ಅಚ್ಚುಕಟ್ಟು. ಎಲೆಯನ್ನು ತೊಟ್ಟು ಮುರಿದು, ಬೆನ್ನು ಕೆಳಗಾಗುವಂತೆ ಹಾಸುತ್ತಾಳೆ, ಹಿಕ್ಕೆ ತೆಗೆಯುತ್ತಾಳೆ. ಚಿಕ್ಕವನು ಒಂದು ಹಿಡಿ ಸೊಪ್ಪು ಎಸೆದು ಓಡುತ್ತಾನೆ. ನನ್ನ ಹೆಂಡತಿ "ಅಕ್ಕನನ್ನು ನೋಡಿ ಕಲಿ" ಎಂದಳು. ನಾನೂ ಹೂಂ ಎಂದೆ. ಪಟ್ಟಿಯ ಮೇಲೆ ಅಕ್ಕನ ಹೆಸರಿನ ಮುಂದೆ ಯಾರೋ ಉಗುರಿನಿಂದ ಕೆರೆದಿದ್ದರು.

12ನೇ ದಿನ

ಐದನೇ ಹಂತ. ಒಂದು ಹುಳು ತನ್ನ ಜೀವಮಾನದಲ್ಲಿ ತಿನ್ನುವುದು ಸುಮಾರು 25 ಗ್ರಾಂ ಸೊಪ್ಪು. ಅದರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಈ ಕಡೆಯ ವಾರದಲ್ಲೇ ತಿನ್ನುತ್ತದೆ. ಇಲ್ಲಿ ತಪ್ಪಿದರೆ ಹಿಂದಿನ ದುಡಿಮೆಯೆಲ್ಲ ನೀರಿಗೆ ಹೋದಂತೆ.

ಹೋದದ್ದೂ ನೀರಿನಿಂದಲೇ. ಮಧ್ಯಾಹ್ನ ಚಿಕ್ಕವನು ನಲ್ಲಿಯಲ್ಲಿ ಸೊಪ್ಪು ನೆನೆಸಿ ಅಕ್ಕನ ಮೊರದ ತುಂಬ ಹಾಸಿದ್ದಾನೆ. ಕೇಳಿದರೆ "ಅಕ್ಕನ ಹುಳುಗಳಿಗೆ ಸೆಕೆ ಆಗುತ್ತಿತ್ತು" ಎಂದ. ನಂಬಬೇಕೋ ಬಿಡಬೇಕೋ ಈಗಲೂ ಗೊತ್ತಾಗಿಲ್ಲ. ಏಪ್ರಿಲ್ ಬಿಸಿಲು, ಹೆಂಚಿನ ಮಾಡು, ಒದ್ದೆ ಸೊಪ್ಪು: ಸಪ್ಪೆ ರೋಗವನ್ನು ಕೈಹಿಡಿದು ಕರೆದು ತಂದಂತಾಯಿತು. ಎರಡು ದಿನದಲ್ಲಿ ಅವಳ ಮೊರದಲ್ಲಿ 61 ಹುಳು ಮೆತ್ತಗಾಗಿ ಸತ್ತವು.

15ನೇ ದಿನ

ಬೆಳಗಿನ ಐದಕ್ಕೆ ಎಚ್ಚರವಾದಾಗ ಮೂಗಿಗೆ ಸೊಳ್ಳೆಬತ್ತಿಯ ವಾಸನೆ ಬಡಿಯಿತು. ರೇಷ್ಮೆ ಊರಿನಲ್ಲಿ ಹುಟ್ಟಿದ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ: ಹುಳು ಇರುವ ಕಡೆ ಬತ್ತಿ ಹಚ್ಚುವುದಿಲ್ಲ. ಸೊಳ್ಳೆಯನ್ನು ಕೊಲ್ಲುವ ವಿಷ ಹುಳುವನ್ನು ಬಿಟ್ಟೀತೇ? ಸೊಳ್ಳೆ ಕಚ್ಚಿದರೆ ಕಚ್ಚಿಸಿಕೊಳ್ಳುತ್ತೇವೆ. ಚಿಕ್ಕವನ ಮೊರದ ಕೆಳಗೆ, ಬೆಂಚಿನಡಿ, ಅರ್ಧ ಉರಿದ ಬತ್ತಿ ಇತ್ತು. ಮೊರದ ತುಂಬ ಹುಳುಗಳು ಬಾಯಲ್ಲಿ ಹಸಿರು ನೀರು ಕಾರಿಕೊಂಡು ತಿರುಚಿ ಬಿದ್ದಿದ್ದವು.

ಅವಳು ಸುಳ್ಳು ಹೇಳಲಿಲ್ಲ. "ಅವನಿಗೂ ಗೊತ್ತಾಗಲಿ ಎಂದು" ಎಂದಳು. ಆಮೇಲೆ ಬಗ್ಗಿ ನೋಡಿದಳು. ಒಂದು ಹುಳು ಇನ್ನೂ ತಲೆ ಎತ್ತಿ ಎತ್ತಿ ಹಾಕುತ್ತಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಹಿತ್ತಲಿಗೆ ಓಡಿದಳು, ಗಾಳಿಗೆ ಹಿಡಿದಳು, ಊದಿದಳು. ಸೂರ್ಯ ಹುಟ್ಟುವ ಹೊತ್ತಿಗೆ ಇಬ್ಬರೂ ತಿಪ್ಪೆಯ ಪಕ್ಕ ಕುಳಿ ತೋಡುತ್ತಿದ್ದರು. ನಾನು ಏನೂ ಹೇಳಲಿಲ್ಲ. ಒಳಗೆ ಹೋಗಿ ಗೋಡೆಯ ಪಟ್ಟಿ ಹರಿದು ಹಾಕಿದೆ.

ಇನ್ನೂರು ಹುಳುವಿನಿಂದ 31 ಗೂಡು. ಬೆಲ್ ಅಂಗಡಿಯ ಕವರಿನಲ್ಲೇ ಉಳಿಯಿತು.

ನಡುವೆ ಒಂದೂವರೆ ತಿಂಗಳು

ಲೆಕ್ಕ ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಹದಿನೈದು ದಿನ ಜಗಳದ ಲೆಕ್ಕ ಇಟ್ಟೆ: ಹೊತ್ತು, ಕಾರಣ, ದೂರು ತಂದವರು. ಕಾರಣಗಳ ಕಾಲಂನಲ್ಲಿ ಹುರುಳಿಲ್ಲ. ಪೆನ್ಸಿಲ್, ಕಿಟಕಿ ಪಕ್ಕದ ಜಾಗ, "ನನ್ನನ್ನು ನೋಡಿದಳು", "ಉಸಿರು ಬಿಟ್ಟ". ಹೊತ್ತಿನ ಕಾಲಂ ನೋಡಿದಾಗ ಮಾತ್ರ ಕಸಿವಿಸಿಯಾಯಿತು. ದೂರುಗಳೆಲ್ಲ ಸಂಜೆ ಆರೂವರೆಯಿಂದ ಎಂಟೂವರೆಯೊಳಗೆ. ಭಾನುವಾರ ಮಾತ್ರ ದಿನವಿಡೀ. ಅಂದರೆ ನಾನು ಮನೆಯಲ್ಲಿರುವ ಹೊತ್ತು.

ಅಮ್ಮನನ್ನು ಕೇಳಿದೆ. ಅವಳು ಅವರೆಕಾಯಿ ಸುಲಿಯುತ್ತ, ತಲೆ ಎತ್ತದೆಯೇ, "ಮಧ್ಯಾಹ್ನವೆಲ್ಲ ಇಬ್ಬರೂ ಆ ಹುಣಸೆಮರದ ಕೆಳಗೇ ಇರುತ್ತಾರೆ. ನೀನು ಬೈಕಿಗೆ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿದ ಮೇಲೆಯೇ ಒಬ್ಬರ ಮುಖ ಒಬ್ಬರಿಗೆ ಆಗದು" ಎಂದಳು. ನ್ಯಾಯಾಧೀಶ ಬಂದ ಮೇಲೆ ತಾನೇ ಕಟಕಟೆಗೆ ಕೆಲಸ.

ಒಂದಿಷ್ಟು ಓದಿಯೂ ನೋಡಿದೆ. ವಿಯೆನ್ನಾದ ಮನೋವೈದ್ಯ ಆಲ್ಫ್ರೆಡ್ ಆಡ್ಲರ್ (1870–1937) ತಮ್ಮನೋ ತಂಗಿಯೋ ಹುಟ್ಟಿದಾಗ ಮೊದಲ ಮಗುವಿಗೆ ಪಟ್ಟ ಕಳೆದುಕೊಂಡ ರಾಜನ ಪಾಡು ಬರುತ್ತದೆ ಎಂದಿದ್ದನಂತೆ. ನಮ್ಮನೆಯಲ್ಲಿ ಆ ಪಟ್ಟವೆಂದರೆ ಅಜ್ಜಿಯ ಮಡಿಲು. ಚಿಕ್ಕವನು ಹುಟ್ಟಿದ ವಾರವೇ ದೊಡ್ಡವಳನ್ನು ಅಲ್ಲಿಂದ ಇಳಿಸಿ ಚಾಪೆಯ ಮೇಲೆ ಮಲಗಿಸಿದ್ದು ನನಗೆ ನೆನಪಿದೆ. ಆದರೆ ಹುಟ್ಟಿದ ಕ್ರಮ ಸ್ವಭಾವವನ್ನು ರೂಪಿಸುತ್ತದೆ ಎಂಬ ಆಡ್ಲರ್‌ನ ಮಾತನ್ನು ಈಚಿನ ದೊಡ್ಡ ಅಧ್ಯಯನಗಳು ಅಷ್ಟಾಗಿ ಎತ್ತಿಹಿಡಿದಿಲ್ಲ. ನನಗೂ ಅದೇ ಸರಿ ಎನಿಸುತ್ತದೆ. ನಾನು ಎರಡನೆಯವನು, ಹಟದಲ್ಲಿ ಅಣ್ಣನಿಗಿಂತ ಒಂದು ಕೈ ಮೇಲೆ.

ಅದಕ್ಕೆ ಸಾಕ್ಷಿ ಜೂನ್‌ನಲ್ಲಿ ಸಿಕ್ಕಿತು. ಒಂದು ಸಂಜೆ ಮನೆಗೆ ಬಂದರೆ ಮಕ್ಕಳ ಕೋಣೆಯ ನೆಲದಲ್ಲಿ ಗೋಡೆಯಿಂದ ಗೋಡೆಗೆ ಸೀಮೆಸುಣ್ಣದ ಗೆರೆ. ಎರಡು ತುದಿಗೂ ಒಂದೊಂದು ಜಲ್ಲಿಕಲ್ಲು. "ಇದು ಬಾಂದುಕಲ್ಲು, ತೆಗೆಯಬಾರದು" ಎಂದು ಚಿಕ್ಕವನು ವಿವರಿಸಿದ. ಫ್ಯಾನು ಅವನ ಭಾಗದಲ್ಲಿ, ಸ್ವಿಚ್ಚು ಅವಳ ಭಾಗದಲ್ಲಿ. ಅವಳು ಸ್ವಿಚ್ಚು ಹಾಕುವುದಿಲ್ಲ, ಅವನು ಗಾಳಿ ಕೊಡುವುದಿಲ್ಲ. ಇಬ್ಬರೂ ಬೆವರುತ್ತ ಕೂತಿದ್ದರು.

ನನಗೆ ನಗು ಬರಲಿಲ್ಲ. ನಮ್ಮ ಬೋರ್‌ವೆಲ್ 1,200 ಅಡಿ. ಅಪ್ಪ ಇದ್ದಾಗ ತೋಡಿಸಿದ್ದು. ನೀರು ಬೀಳುವ ತೊಟ್ಟಿ ಅಣ್ಣನ ಭಾಗದಲ್ಲಿ, ಸ್ಟಾರ್ಟರ್ ಪೆಟ್ಟಿಗೆ ನನ್ನ ಭಾಗದಲ್ಲಿ. ಮೂರು ವರ್ಷದಿಂದ ಸರದಿಯ ವಿಷಯದಲ್ಲಿ ನಾವು ಆಡುವ ಮಾತುಗಳನ್ನು ಜಗುಲಿಯ ಮೇಲೆ ಕೂತು ಕೇಳಿದವರು ಯಾರೆಂದು ಆವರೆಗೆ ನಾನು ಯೋಚಿಸಿರಲಿಲ್ಲ.

ಎರಡನೇ ಬೆಳೆ, 1ನೇ ದಿನ

ಅಣ್ಣ ಮತ್ತೆ ಇನ್ನೂರು ಹುಳು ಕೊಟ್ಟ. ಕೊಡುವಾಗ "ಈ ಸಲ ಯಾರನ್ನು ಕೊಲ್ಲುತ್ತೀರಿ?" ಎಂದ. ಮಕ್ಕಳು ನೆಲ ನೋಡಿದರು.

ಈ ಸಲ ಮೊರ ಇಲ್ಲ. ಅಟ್ಟದ ಮೇಲಿದ್ದ ಅಪ್ಪನ ಕಾಲದ ದೊಡ್ಡ ಬಿದಿರು ತಟ್ಟೆ, ಒಂದೇ. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು ಎರಡು ದಿನ ಬಿಸಿಲಿಗಿಟ್ಟೆವು. ಪಟ್ಟಿ ಇಲ್ಲ, ಬಹುಮಾನ ಇಲ್ಲ. ಹೊಡೆದಾಟ ಆದರೆ ಮಾತ್ರ ನಾನು ನಡುವೆ ಬರುತ್ತೇನೆ, ಉಳಿದದ್ದನ್ನು ನನ್ನ ಹತ್ತಿರ ತರಬೇಡಿ ಎಂದೆ. ಯಾರು ಮೊದಲು ಶುರು ಮಾಡಿದರು ಎಂದು ಇನ್ನು ಮೇಲೆ ವಿಚಾರಿಸುವುದೇ ಇಲ್ಲ. ಗೂಡಿನ ದುಡ್ಡು ಜಂಟಿ. ಇಬ್ಬರೂ ಒಪ್ಪಿದರೆ ಖರ್ಚು, ಇಲ್ಲದಿದ್ದರೆ ಡಬ್ಬಿಯಲ್ಲಿ. ಅಕ್ಕನನ್ನು ನೋಡಿ ಕಲಿ ಎಂಬ ಮಾತು ಆಡುವುದಿಲ್ಲವೆಂದು ಹೆಂಡತಿ ತಾನಾಗಿಯೇ ಹೇಳಿದಳು. ಅಮ್ಮನಿಂದ ಅಂಥ ಭಾಷೆ ಪಡೆಯಲು ಆಗಲಿಲ್ಲ.

3ನೇ ದಿನ

ಕೆಲಸ ಹಂಚುವ ರೀತಿ: ಒಬ್ಬರು ಎರಡು ಪಾಲು ಮಾಡಬೇಕು, ಇನ್ನೊಬ್ಬರು ಮೊದಲು ಆರಿಸಬೇಕು. ಮರುದಿನ ಅದಲುಬದಲು. ಮಾವಿನ ಹಣ್ಣು ಹೆಚ್ಚುವಾಗ ಎಲ್ಲರ ಮನೆಯಲ್ಲೂ ಇದೇ ಉಪಾಯ, ಹೊಸತೇನಲ್ಲ. ಮೊದಲ ದಿನ ಚಿಕ್ಕವನು ಪಾಲು ಮಾಡಿದ. ಸೊಪ್ಪು ತರುವುದು, ಹಾಸುವುದು, ಹಿಕ್ಕೆ ತೆಗೆಯುವುದು, ಚಿಪ್ಪಿಗೆ ನೀರು ತುಂಬುವುದು, ಇಷ್ಟೂ ಒಂದು ಪಾಲು. "ಹುಳು ನೋಡುವುದು" ಇನ್ನೊಂದು ಪಾಲು. ಅಕ್ಕ ಕಣ್ಣು ಮಿಟುಕಿಸದೆ ಹುಳು ನೋಡುವ ಪಾಲನ್ನು ಎತ್ತಿಕೊಂಡು, ದಿನವಿಡೀ ಕುರ್ಚಿಯಲ್ಲಿ ಕೂತು ನೋಡಿದಳು. ಅವನು ನನ್ನ ಹತ್ತಿರ ಬಂದ. ನಾನು ಪತ್ರಿಕೆ ಓದುತ್ತಿದ್ದೆ. ಒಂದೇ ಸಾಲನ್ನು ನಾಲ್ಕು ಸಲ ಓದಿದೆ. ಅವನು ವಾಪಸು ಹೋದ.

ಅದಾದ ಮೇಲೆ ಅವನು ಮಾಡುವ ಪಾಲುಗಳು ತಕ್ಕಡಿ ಹಿಡಿದಂತೆ ಇರುತ್ತವೆ.

4ನೇ ದಿನ

ಮೂರನೇ ಜ್ವರ. ತಟ್ಟೆಯ ಮೇಲೆ ಸುಣ್ಣ ಉದುರಿಸಿ ಬಟ್ಟೆ ಮುಚ್ಚಿದೆವು. ಎಲ್ಲ ಹುಳುವೂ ಒಟ್ಟಿಗೆ ಏಳುವುದಿಲ್ಲ. ಎದ್ದವು ಹಸಿದಿವೆಯೆಂದು ಆಗಲೇ ಸೊಪ್ಪು ಹಾಕಿದರೆ ಅವು ಬೆಳೆದು, ಕೂತವು ಹಿಂದೆ ಬೀಳುತ್ತವೆ. ಕೊನೆಗೆ ತಟ್ಟೆಯಲ್ಲಿ ಒಂದು ದಪ್ಪ ಒಂದು ಸಣ್ಣ. ಹೆಚ್ಚುಕಡಿಮೆ ಎಲ್ಲವೂ ಏಳುವವರೆಗೆ ಕಾಯಬೇಕು. ಚಿಕ್ಕವನಿಗೆ ಕಾಯುವುದೆಂದರೆ ಶಿಕ್ಷೆ. ಗಳಿಗೆಗೊಮ್ಮೆ ಬಟ್ಟೆ ಎತ್ತಿ ನೋಡುತ್ತಿದ್ದ.

ದಿನವೂ ಒಬ್ಬೊಬ್ಬರ ಜೊತೆ ಪ್ರತ್ಯೇಕವಾಗಿ ಅರ್ಧ ಗಂಟೆ ಕಳೆಯಲು ಶುರು ಮಾಡಿದ್ದೇನೆ. ಬೆಳಿಗ್ಗೆ ಆರಕ್ಕೆ ದೊಡ್ಡವಳ ಜೊತೆ ತೋಟಕ್ಕೆ, ರಾತ್ರಿ ಚಿಕ್ಕವನ ಜೊತೆ ಕೆರೆ ಏರಿಯವರೆಗೆ. ಇದಕ್ಕೂ ಹುಳುವಿಗೂ ಸಂಬಂಧವಿಲ್ಲ, ಆದರೆ ಹೆಚ್ಚು ಫಲ ಕೊಟ್ಟದ್ದು ಇದೇ ಇರಬೇಕು. ಇವತ್ತು ಸೊಪ್ಪು ಕೊಯ್ಯುತ್ತ ಅವಳು, "ಅವನಿಗೆ ಏಳೇ ವರ್ಷ, ಬಿಡು ಎನ್ನುತ್ತೀರಿ. ನನಗೆ ಏಳು ಆದಾಗಲೇ ನಾನು ದೊಡ್ಡವಳಾಗಿದ್ದೆ" ಎಂದಳು. ಲೆಕ್ಕ ಹಾಕಿದೆ. ಆಗ ಅವನಿಗೆ ಮೂರು. ಅವನ ಸ್ನಾನದ ಟವೆಲ್ಲು ಹಿಡಿದು ನಿಲ್ಲುತ್ತಿದ್ದವಳು ಇವಳೇ. ಮಂಕರಿ ತುಂಬುವವರೆಗೆ ನಾನು ಮತ್ತೆ ಬಾಯಿ ಬಿಡಲಿಲ್ಲ.

9ನೇ ದಿನ

ಕೆಟ್ಟ ದಿನ. ಶಾಲೆಯಿಂದ ಬಂದವರೇ ಹೊಡೆದಾಡಿಕೊಂಡರು. ಅವನು ಅವಳ ಮುಂಗೈ ಕಚ್ಚಿದ, ಹಲ್ಲಿನ ಗುರುತು ನೀಲಿಗಟ್ಟಿತು. ನಾನು ಕೂಗಾಡಿದೆ, ಅವನ ಬೆನ್ನಿಗೆ ಒಂದು ಕೊಟ್ಟೆ ಕೂಡ. ಹೊಡೆಯಬಾರದೆಂದು ಹೊಡೆದು ಹೇಳಿದ ಹಾಗಾಯಿತು. ರಾತ್ರಿ ಕೆರೆ ಏರಿಗೆ ಅವನು ಬರಲಿಲ್ಲ. ಒಬ್ಬನೇ ಹೋಗಿ ಬಂದೆ.

10ನೇ ದಿನ

ನಾಲ್ಕನೇ ಜ್ವರ. ಚಿಕ್ಕವನು ಮಂಚದ ಮೂಲೆಯಲ್ಲಿ ಮೊಣಕಾಲು ಮಡಿಸಿ, ಮುಖ ಮೇಲೆತ್ತಿ, ಕಣ್ಣು ಮುಚ್ಚಿ ಕೂತಿದ್ದ. ಏನಾಯಿತೆಂದು ಹತ್ತಿರ ಹೋದೆ. "ಮುಟ್ಟಬೇಡ ಅಪ್ಪ. ನಾನು ಜ್ವರಕ್ಕೆ ಕೂತಿದ್ದೇನೆ" ಎಂದ. ಅಕ್ಕ ಬಾಗಿಲಲ್ಲಿ ನಿಂತು ಅರೆಗಳಿಗೆ ನೋಡಿದಳು. ಅಡುಗೆಮನೆಗೆ ಹೋಗಿ ಒಂದು ಚಿಟಿಕೆ ರಾಗಿ ಹಿಟ್ಟು ತಂದು ಅವನ ತಲೆಯ ಮೇಲೆ ಉದುರಿಸಿದಳು. "ಸುಣ್ಣ" ಎಂದಳು. ಅವನು ಕಣ್ಣು ತೆರೆಯಲಿಲ್ಲ, ಆದರೆ ಬಾಯಿಯ ಒಂದು ಮೂಲೆ ಅಲುಗಿತು.

ಅಲ್ಲಿಂದ ಅದು ಮನೆಯ ಮಾತೇ ಆಗಿಬಿಟ್ಟಿದೆ. ಯಾರಾದರೂ ಜ್ವರಕ್ಕೆ ಕೂತೆ ಎಂದರೆ ಏಳುವವರೆಗೆ ತಡವುವ ಹಾಗಿಲ್ಲ. ಹೋದ ಭಾನುವಾರ ನನ್ನ ಹೆಂಡತಿಯೂ ಕೂತಳು, ಎರಡು ಗಂಟೆ. ಅನ್ನ ನಾನು ಮಾಡಿದೆ.

18ನೇ ದಿನ

ಹುಳು ಹಣ್ಣಾದವು. ಹಣ್ಣಾದ ಹುಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿಗೆ ಹರಿದು ಬಂದು ತಲೆ ಆಡಿಸುತ್ತದೆ. ಬೆಳಕಿಗೆ ಹಿಡಿದರೆ ಮೈ ಜೇನಿನ ಹಾಗೆ ಕಾಣುತ್ತದೆ. ಅದನ್ನು ಆ ಹೊತ್ತಿಗೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಇಡುವ ಬಿದಿರಿನ ಸುರುಳಿ ತಟ್ಟೆಗೆ, ಬಿಡಬೇಕು, ತಡವಾದರೆ ನೂಲನ್ನು ಸಿಕ್ಕಸಿಕ್ಕಲ್ಲಿ ಉಗುಳುತ್ತದೆ. ಅವಳು ಕಿಟಕಿಯ ಬಳಿ ಒಂದೊಂದನ್ನೇ ಎತ್ತಿ ಹಣ್ಣೋ ಕಾಯೋ ನೋಡುವುದು, ಅವನು ಚಂದ್ರಿಕೆಯ ಸುರುಳಿಗೆ ಬಿಡುವುದು. "ಇದು ಕಾಯಿ." "ಹಣ್ಣು." "ನೋಡು ಸರಿಯಾಗಿ." "ನೀನೇ ನೋಡು." ಮಧ್ಯಾಹ್ನದವರೆಗೂ ಇದೇ. ಜಗಳದ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ತಿಳಿಯದೆ ಪುಸ್ತಕ ಮುಚ್ಚಿಟ್ಟೆ.

24ನೇ ದಿನ

ಗೂಡು ಬಿಡಿಸಿದೆವು. 162 ಒಳ್ಳೆಯವು, ಎಲ್ಲ ಹಳದಿ. ಅದಲ್ಲದೆ 9 ಗೂಡುಗಳು ಬೇರೆ ರೀತಿ: ದೊಡ್ಡವು, ಗುಂಡಗೆ, ಚಿಪ್ಪು ಗಟ್ಟಿ. ಅಲ್ಲಾಡಿಸಿದರೆ ಒಳಗೆ ಕೋಶವಾದ ಎರಡು ಹುಳು ತಾಗುವ ಸದ್ದು. ಜೋಡಿಗೂಡು. ಎರಡು ಹುಳು ಸೇರಿ ಒಂದೇ ಮನೆ ಕಟ್ಟಿಕೊಂಡಿವೆ! ನನಗೆ ಎಷ್ಟು ಹಿಗ್ಗಾಯಿತೆಂದರೆ, ಮಕ್ಕಳನ್ನು ಕರೆದು ತೋರಿಸಿ ನಾಲ್ಕು ಒಳ್ಳೆಯ ಮಾತು ಹೇಳಲು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಅಣ್ಣ ಬಂದ. ಆ ಒಂಬತ್ತನ್ನೂ ಆರಿಸಿ ಪಕ್ಕಕ್ಕೆ ಹಾಕಿದ. "ಇವು ಬೇಡ. ಎರಡು ಎಳೆ ಒಂದಕ್ಕೊಂದು ಸಿಕ್ಕಾಗಿರುತ್ತವೆ, ಬಿಚ್ಚಲು ಬರುವುದಿಲ್ಲ. ಒರಟು ನೂಲಿಗೆ ಆಗುತ್ತದೆ ಅಷ್ಟೇ, ಬೆಲೆ ಇಲ್ಲ. ಒಂದೇ ಚಂದ್ರಿಕೆಯಲ್ಲಿ ಇನ್ನೂರನ್ನೂ ತುರುಕಿದರೆ ಇನ್ನೇನಾಗುತ್ತದೆ? ಹುಳುವಿಗೆ ಜಾಗ ಬಿಡಬೇಕು."

ನನ್ನ ಒಳ್ಳೆಯ ಮಾತುಗಳು ಗಂಟಲಲ್ಲೇ ಉಳಿದವು. ದೊಡ್ಡವಳು ಮಾತ್ರ ಒಂದು ಜೋಡಿಗೂಡು ಕೈಯಲ್ಲಿ ಹಿಡಿದು, ದೊಡ್ಡಪ್ಪನ ಮುಖವನ್ನೂ ನನ್ನ ಮುಖವನ್ನೂ ನೋಡಿ, "ನನಗೂ ಒಂದು ಪರದೆ ಬೇಕು" ಎಂದಳು.

ಹಾಕಿದ್ದೇನೆ. ಅಜ್ಜಿಯ ಹಳೆಯ ಸೀರೆ, ಮಂಚದ ಆಚೆ, ಕಿಟಕಿಯ ಕಡೆ. ಒಳಗೆ ಒಂದು ಮೇಜು, ಚಿಲಕವಿರುವ ಒಂದು ಪೆಟ್ಟಿಗೆ. ಒಳಗೆ ಹೋಗುವ ಮುಂಚೆ ಚಿಕ್ಕವನು "ಅಕ್ಕ, ಬರಲೇ?" ಎಂದು ಕೇಳಬೇಕು. ಹತ್ತರಲ್ಲಿ ನಾಲ್ಕು ಸಲ ಕೇಳುತ್ತಾನೆ. ಅವನಿಗೂ ಮಂಚದ ಕೆಳಗಿನ ಜಾಗ ಪೂರ್ತಿ ಕೊಟ್ಟಿದ್ದೇವೆ. ಅಲ್ಲಿ ಏನಿದೆಯೆಂದು ನೋಡಲು ನನಗೆ ಧೈರ್ಯವಿಲ್ಲ.

ಗೂಡನ್ನು ಅಣ್ಣನೇ ತನ್ನದರ ಜೊತೆ ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದ. ಒಂದು ಕಿಲೋಗೆ ಸುಮಾರು 600 ಗೂಡು ಬೇಕು, ನಮ್ಮದು ಕಾಲು ಕಿಲೋ ಚಿಲ್ಲರೆ. 130 ರೂಪಾಯಿ ಬಂತು. ಏನು ಕೊಳ್ಳಬೇಕೆಂದು ಹನ್ನೊಂದು ದಿನದಿಂದ ಮಾತುಕತೆ ನಡೆಯುತ್ತಿದೆ, ದುಡ್ಡು ಡಬ್ಬಿಯಲ್ಲೇ ಇದೆ. ಬೆಲ್ಲನ್ನು ಅಮ್ಮ ದೇವರ ಮನೆಗೆ ತೆಗೆದುಕೊಂಡಳು.

ಮೂರನೇ ಬೆಳೆಗೆ ಮುಂಚೆ

ಈ ಸಲ ತಟ್ಟೆ ಒಂದೇ, ಚಂದ್ರಿಕೆ ಎರಡು.

ಇನ್ನೊಂದು ವಿಷಯ. ಬೋರ್‌ವೆಲ್ಲಿನ ಸರದಿಗೆಂದು ರಾತ್ರಿಯ ತ್ರೀ ಫೇಸ್ ಕರೆಂಟಿನ ಹೊತ್ತನ್ನೂ ಹಗಲಿನ ಹೊತ್ತನ್ನೂ ವಾರಕ್ಕೆ ಎರಡು ಪಾಲು ಮಾಡಿ ಎರಡು ಚೀಟಿ ಬರೆದಿದ್ದೇನೆ. ಯಾವುದು ಸಿಕ್ಕರೂ ನನಗೆ ಹೊಟ್ಟೆಯುರಿ ಆಗದ ಹಾಗೆ ಮಾಡಲು ಮೂರು ಸಲ ಹರಿದು ಬರೆಯಬೇಕಾಯಿತು. ಅಣ್ಣ ಮೊದಲು ಆರಿಸಲಿ. ಚೀಟಿ ಅಂಗಿಯ ಜೇಬಿನಲ್ಲಿ ಐದು ದಿನದಿಂದ ಇದೆ, ಒಮ್ಮೆ ಒಗೆಯಲು ಹೋಗಿ ಉಳಿದು ಬಂತು. ಸೋಮವಾರ ಚಾಕಿ ಬರುತ್ತದೆ, ಹೇಗೂ ಅವನ ಬಾಗಿಲಿಗೆ ಹೋಗಲೇಬೇಕು.